ನೆತ್ತಿಯ ಸುಣ್ಣ

ಮೊದಲಿಗೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಕಥೆ ಹೇಳಿ ನನಗೆ ಅಭ್ಯಾಸವಿಲ್ಲ. ಬಲ್ಲವರು ಹೇಳಿದ್ದರೆ ಈ ಕಥೆ ಇದರ ಅರ್ಧದಷ್ಟಿದ್ದು, ಇದರ ಎರಡರಷ್ಟು ನಾಟುತ್ತಿತ್ತು. ನನಗೋ, ಒಂದು ಮಾತು ಹೇಳಿದ ಕೂಡಲೇ ಅದು ತಿಳಿಯಿತೋ ಇಲ್ಲವೋ ಎಂದು ದಿಗಿಲಾಗುತ್ತದೆ. ಆ ಮಾತಿಗೆ ಇನ್ನೊಂದು ಮಾತನ್ನು ಊರುಗೋಲು ಕೊಡುತ್ತೇನೆ. ಸಹಿಸಿಕೊಳ್ಳಿ.

ಒಂದು ಊರು. ಊರಿನಲ್ಲಿ ಒಂದು ಬೀದಿ. ಬೀದಿಯ ಮನೆಗಳೆಲ್ಲ ಒಬ್ಬನೇ ಒಡೆಯನವು. ಬೀದಿಯ ತುದಿಯಲ್ಲಿ ಆ ಒಡೆಯನ ಮನೆ. ಉಳಿದವರೆಲ್ಲ ಬಾಡಿಗೆಗಿದ್ದವರು.

ಆ ಊರಿನಲ್ಲಿ ಬಾಡಿಗೆಯನ್ನು ಹಣದಲ್ಲಿ ಕೊಡುತ್ತಿರಲಿಲ್ಲ. ಎತ್ತರದಲ್ಲಿ ಕೊಡುತ್ತಿದ್ದರು.

ಇದನ್ನು ಬಿಡಿಸಿ ಹೇಳಬೇಕು. ವರ್ಷಕ್ಕೊಮ್ಮೆ ಇಳಿಕೆಯ ದಿನ ಬರುತ್ತಿತ್ತು. ಅಂದು ಒಡೆಯನ ಆಳುಗಳು ಬಂದು ಪ್ರತಿ ಮನೆಯ ಸೂರನ್ನು ಬಿಚ್ಚುತ್ತಿದ್ದರು. ಗೋಡೆಯ ತಲೆಯಿಂದ ಒಂದು ವರಸೆ ಇಟ್ಟಿಗೆಯನ್ನು ತೆಗೆಯುತ್ತಿದ್ದರು. ಸೂರನ್ನು ಮತ್ತೆ ಕೂರಿಸುತ್ತಿದ್ದರು. ತೆಗೆದ ಇಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಒಡೆಯನ ಮನೆಯ ಮೇಲೆ ಕಟ್ಟುತ್ತಿದ್ದರು. ಹೀಗೆ ಬೀದಿ ವರ್ಷವರ್ಷವೂ ಕುಗ್ಗುತ್ತಿತ್ತು, ಒಡೆಯನ ಮನೆ ವರ್ಷವರ್ಷವೂ ಏರುತ್ತಿತ್ತು. ಅದು ಎಷ್ಟು ಏರಿತ್ತೆಂದರೆ ಮೇಲಿನ ಅಂತಸ್ತಿನಲ್ಲಿದ್ದ ಒಡೆಯನನ್ನು ಕಂಡವರು ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಅವನ ಮಾತು ಅಂತಸ್ತಿನಿಂದ ಅಂತಸ್ತಿಗೆ, ಆಳಿನಿಂದ ಆಳಿಗೆ ಇಳಿದು ಬರುತ್ತಿತ್ತು.

ಗೋಡೆ ಪೂರ್ತಿ ಮುಗಿದರೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಅಷ್ಟು ದೂರ ನೋಡಬೇಕಾದರೆ ಮನುಷ್ಯ ಮೊದಲು ನೆಟ್ಟಗೆ ನಿಂತಿರಬೇಕು.

ಇಷ್ಟೇ ಆಗಿದ್ದರೆ ಕಥೆಯಿರುತ್ತಿರಲಿಲ್ಲ. ಇನ್ನೊಂದು ಕಟ್ಟಳೆ ಇತ್ತು. ಸೂರು ಇಳಿಸಿದ ದಿನ ಸಂಜೆ, ಅದರ ಒಳಮೈಗೆ ಹಸಿ ಸುಣ್ಣ ಬಳಿಯುತ್ತಿದ್ದರು. ಆಮೇಲೆ ಬೆಳಗಿನವರೆಗೆ ಮನೆಯೊಳಗೆ ಯಾರೂ ಕೂರುವಂತಿಲ್ಲ, ಮಲಗುವಂತಿಲ್ಲ. ನಿಂತೇ ಇರಬೇಕು. ಯಾರು ಮನೆಯಲ್ಲಿ ನಿಲ್ಲಬಲ್ಲರೋ ಅವರಿಗೇ ಮನೆ, ಎನ್ನುವುದು ಒಡೆಯನ ನ್ಯಾಯ. ಕೇಳಲು ಸರಿಯಾಗಿಯೇ ಇದೆ, ಅಲ್ಲವೇ? ಬೆಳಕು ಹರಿದ ಮೇಲೆ ಎಲ್ಲರೂ ಬೀದಿಗೆ ಬಂದು ಸಾಲಾಗಿ ನಿಲ್ಲಬೇಕು. ಅಳತೆಗಾರ ಬಂದು ಒಂದೊಂದೇ ನೆತ್ತಿಯನ್ನು ನೋಡುತ್ತಾನೆ. ಯಾರ ನೆತ್ತಿಗೆ ಸುಣ್ಣ ಹತ್ತಿದೆಯೋ ಅವರು ಮನೆಗೆ ಹೆಚ್ಚಾದರು ಎಂದು ಅರ್ಥ. ಅವರು ಹೊತ್ತು ಮುಳುಗುವುದರೊಳಗೆ ಊರ ಹೊರಗಿನ ಬಯಲಿಗೆ ಹೋಗಬೇಕು. ಅವರೊಬ್ಬರೇ. ಉಳಿದವರು ಇರಬಹುದು.

ಸಾಲಿನಲ್ಲಿ ನಿಂತವರು ಒಂದೇ ದನಿಯಲ್ಲಿ ಹೇಳಬೇಕಾದ ಮಾತೊಂದಿತ್ತು:

"ನೆಲ ನಿಮ್ಮದು. ಗೋಡೆ ನಿಮ್ಮದು. ಸೂರು ನಿಮ್ಮದು. ನಡುವೆ ಇರುವುದಷ್ಟೇ ನಾವು."

ಆ ಬೀದಿಯಲ್ಲಿ ಒಬ್ಬ ತಾಯಿ, ಒಬ್ಬಳು ಮಗಳು.

ತಾಯಿ ಬೀದಿಗೆಲ್ಲ ಕುಳ್ಳಿ. ಅವಳು ಸೂರಿಗೆ ಹೆದರಿದವಳೇ ಅಲ್ಲ. ಬೇರೆ ಹೆಂಗಸರು ಮನೆಯೊಳಗೆ ಭತ್ತದ ತೆನೆಯ ಹಾಗೆ ಬಾಗಿ ಓಡಾಡುತ್ತಿದ್ದರೆ ಇವಳು ಕತ್ತೆತ್ತಿ ಓಡಾಡುತ್ತಿದ್ದಳು. "ನಮ್ಮ ಕುಳ್ಳಮ್ಮನಿಗೇನು, ಇನ್ನು ಏಳು ಇಳಿಕೆ ಬಂದರೂ ಬೈತಲೆಗೆ ಧಕ್ಕೆಯಿಲ್ಲ" ಎಂದು ಬೀದಿಯವರು ಹೊಟ್ಟೆಕಿಚ್ಚಿನಿಂದಲೂ ಅಕ್ಕರೆಯಿಂದಲೂ ಹೇಳುತ್ತಿದ್ದರು.

ಮಗಳು ಹಾಗಲ್ಲ. ಅವಳಿಗೆ ತಂದೆಯ ಮೈಕಟ್ಟು ಬಂದಿತ್ತು. ತಂದೆ ಎತ್ತರದ ಆಳು. ಅವಳು ಚಿಕ್ಕವಳಿದ್ದಾಗಲೇ ಒಂದು ಇಳಿಕೆಯ ಬೆಳಗ್ಗೆ ನೆತ್ತಿಯಲ್ಲಿ ಬಿಳಿ ಹೊತ್ತುಕೊಂಡು ಬಯಲಿಗೆ ಹೋಗಿದ್ದ. ಬಯಲಿಗೆ ಹೋದವರ ಸುದ್ದಿ ಬರುತ್ತಿರಲಿಲ್ಲ. ಅಲ್ಲಿ ಸೂರಿಲ್ಲ, ಬರೀ ಆಕಾಶ, ಅದು ತಲೆಯ ಮೇಲೆ ಕುಸಿಯುತ್ತದೆ ಎಂದು ಬೀದಿಯ ಹಿರಿಯರು ಮಕ್ಕಳಿಗೆ ಹೇಳುತ್ತಿದ್ದರು. ಅವರಿಗೂ ಹಾಗೆ ಯಾರೋ ಹೇಳಿದ್ದರು.

ಮಗಳು ಬೆಳೆಯುತ್ತಿದ್ದಳು. ಬೇರೆ ಊರಿನಲ್ಲಿ ಮಕ್ಕಳು ಬೆಳೆದರೆ ದೃಷ್ಟಿ ತೆಗೆಯುತ್ತಾರೆ. ಇಲ್ಲಿ ಬೆಳೆದ ಮಗುವನ್ನು ಕಂಡರೆ ಜನ ನಾಲಗೆ ಲೊಚಗುಟ್ಟುತ್ತಿದ್ದರು.

"ಏನೇ ಇದು, ಚಪ್ಪರ ಸಿಕ್ಕ ಪಡವಲಕಾಯಿ ಹಾಗೆ ಇಳಿಬಿದ್ದಿದ್ದೀಯಲ್ಲ! ನಿಮ್ಮಮ್ಮನ ಕತೆ ಏನು?" ಎಂದು ನೀರಿನ ಹತ್ತಿರ ಯಾರಾದರೂ ಕೇಳಿದರೆ ಮಗಳು ಮಂಡಿ ಮಡಿಸಿ, ಭುಜ ಕುಗ್ಗಿಸಿ, ತಪ್ಪು ಮಾಡಿದವಳ ಹಾಗೆ ನಗುತ್ತಿದ್ದಳು. ಊಟದಲ್ಲಿ ಕೊನೆಯ ತುತ್ತನ್ನು ಬಿಡುತ್ತಿದ್ದಳು. ನೀರು ತರುವಾಗ ತುಂಬಿದ ಕೊಡದ ಮೇಲೆ ತುಂಬಿದ ಬಿಂದಿಗೆಯನ್ನಿಟ್ಟು ಹೊರುತ್ತಿದ್ದಳು, ಭಾರಕ್ಕೆ ಮೂಳೆ ಕೂತುಕೊಳ್ಳಲಿ ಎಂದು. ಮೂಳೆ ಕೂತುಕೊಳ್ಳಲಿಲ್ಲ. ಮೂಳೆಗೆ ಒಡೆಯ ಯಾರು, ಬಾಡಿಗೆಯವರು ಯಾರು ಎಂದು ತಿಳಿಯುವುದಿಲ್ಲ.

ತಾಯಿಗೆ ಒಡೆಯನ ಮನೆಯ ಮೆಟ್ಟಿಲು ಗುಡಿಸುವ ಕೆಲಸ. ಮೇಲೆ ಗುಡಿಸಿ ಕೆಳಗೆ ಬರುವಷ್ಟರಲ್ಲಿ ಮೇಲೆ ಮತ್ತೆ ಧೂಳು ಕೂತಿರುತ್ತಿತ್ತು, ಅಷ್ಟು ಮೆಟ್ಟಿಲು. ಒಮ್ಮೊಮ್ಮೆ ಮಗಳನ್ನೂ ಕರೆದೊಯ್ಯುತ್ತಿದ್ದಳು. ಅಲ್ಲಿ ಮಗಳಿಗೆ ಒಂದು ವಿಚಿತ್ರ ಸುಖವಿತ್ತು, ನೆಟ್ಟಗೆ ನಿಲ್ಲಬಹುದಿತ್ತು. ಕೈ ಎತ್ತಿದರೂ ಏನೂ ತಾಗುತ್ತಿರಲಿಲ್ಲ.

ಒಂದು ದಿನ ಎತ್ತರದ ಒಂದು ಅಂತಸ್ತಿನ ಗೋಡೆಯ ಧೂಳು ಗುಡಿಸುವಾಗ ಮಗಳು ಪೊರಕೆ ಬಿಟ್ಟು ನಿಂತಳು. ಒಂದು ಇಟ್ಟಿಗೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಗಿಣಿಯಿತ್ತು. ಸೊಟ್ಟ ಕೊಕ್ಕು, ಒಂದೇ ಕಾಲು. ಅವಳು ತಂದೆಯ ಹೆಗಲೇರಿ ಗೀಚಿದ್ದು. ಇನ್ನೊಂದು ಕಾಲು ಬರೆಯುವ ಮೊದಲೇ ಇದ್ದಿಲು ಮುರಿದಿತ್ತು.

"ಅಮ್ಮಾ, ಇದು ನಮ್ಮ ಮನೆ."

ತಾಯಿ ಬಂದು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ಗಿಣಿಯ ಸುತ್ತಲಿನ ಧೂಳನ್ನು ಒರೆಸಿದಳು, ಗಿಣಿಯನ್ನು ಬಿಟ್ಟು.

"ನಮ್ಮನೆ ಅಂತ ಇಲ್ಲಿ ಬಾಯಿ ಬಿಡಬೇಡ. ಗುಡಿಸು" ಎಂದಳು.

ಅಂದು ಮಗಳಿಗೆ ತಿಳಿದದ್ದನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅವಳು ಅದನ್ನು ಯಾರ ಹತ್ತಿರವೂ ಹೇಳಲಿಲ್ಲ. ಇಲ್ಲಿ ತಾನು ನೆಟ್ಟಗೆ ನಿಂತಿರುವುದು ತನ್ನ ಮನೆಯಿಂದ ತೆಗೆದ ಎತ್ತರದಲ್ಲಿ, ಆ ಎತ್ತರವನ್ನು ಗುಡಿಸುವುದಕ್ಕೆ. ಇಷ್ಟೇ. ಇದಕ್ಕಿಂತ ಹೆಚ್ಚು ಅವಳಿಗೂ ತಿಳಿಯಲಿಲ್ಲ.

ಇಳಿಕೆ ಹತ್ತಿರ ಬರುತ್ತಿತ್ತು. ಸೂರು ಆಗಲೇ ಮಗಳ ಕಿವಿಯ ಮಟ್ಟಕ್ಕಿತ್ತು. ಇನ್ನೊಂದು ವರಸೆ ಹೋದರೆ ಗಲ್ಲಕ್ಕೆ ಬರುತ್ತದೆ. ರಾತ್ರಿಯೆಲ್ಲ ಬಾಗಿ ನಿಂತವರಿಗೆ ಬೆಳಗಿನ ಜಾವ ತೂಕಡಿಕೆ ಬರುತ್ತದೆ. ತೂಕಡಿಸಿದ ಕತ್ತು ತಾನಾಗಿ ನೆಟ್ಟಗಾಗುತ್ತದೆ. ಸುಣ್ಣ ಹತ್ತುವುದೇ ಹಾಗೆ. ಎಚ್ಚರದಲ್ಲಿ ಯಾರೂ ತಲೆ ಎತ್ತಿದವರಲ್ಲ.

ತಾಯಿಗೆ ಆ ಉಪಾಯ ಹೊಳೆದದ್ದು ಒಲೆಯ ಬೂದಿ ತೆಗೆಯುವಾಗ. ಬೂದಿಯ ಜೊತೆ ಒಂದಿಷ್ಟು ನೆಲವೂ ಎದ್ದು ಬಂತು. ಅವಳು ಆ ಕುಳಿಯನ್ನು ನೋಡಿದಳು. ಸೂರನ್ನು ನೋಡಿದಳು. ಮಗಳನ್ನು ನೋಡಿದಳು.

"ಸೂರು ಎತ್ತೋ ಹಾಗಿಲ್ಲ. ನೆಲ ಇಳಿಸಬಾರದು ಅಂತ ಯಾರೂ ಹೇಳಿಲ್ಲ" ಎಂದಳು.

ಅಂದಿನಿಂದ ಮಧ್ಯಾಹ್ನ ಅಳತೆಗಾರ ಉಂಡು ಅಡ್ಡಾದ ಹೊತ್ತಿನಲ್ಲಿ ತಾಯಿ ಮಗಳು ನೆಲ ತೋಡಿದರು. ಮುರುಕು ಸೌಟಿನಲ್ಲಿ ತೋಡಿದರು, ತೆಂಗಿನ ಕರಟದಲ್ಲಿ ಕೆರೆದರು. ಮಣ್ಣನ್ನು ತಾಯಿ ಮಡಿಲಿನಲ್ಲಿ ಕಟ್ಟಿಕೊಂಡು ಮೆಟ್ಟಿಲು ಗುಡಿಸಲು ಹೋಗುವಾಗ ಒಯ್ದು, ಒಡೆಯನ ಮಹಡಿಯ ಹೂಕುಂಡಗಳಿಗೆ ಸುರಿದು ಬರುತ್ತಿದ್ದಳು. ಆ ವರ್ಷ ಅಲ್ಲಿ ಹೂವು ಚೆನ್ನಾಗಿ ಬಂತಂತೆ.

ಪಕ್ಕದ ಮನೆಯಲ್ಲಿ ಒಬ್ಬ ಮುದುಕ ಒಂಟಿಯಾಗಿದ್ದ. ತಲೆ ಪೂರ್ತಿ ಬೆಳ್ಳಗೆ. ಬಿಳಿ ಕೂದಲಿನವರನ್ನು ಅಳತೆಗಾರ ಹೆಚ್ಚು ಅನುಮಾನಿಸುತ್ತಿದ್ದ, ಸುಣ್ಣ ಅಲ್ಲಿ ಅಡಗಿಕೊಳ್ಳುತ್ತದೆ ಎಂದು. ಬೆರಳಿನಿಂದ ತಿಕ್ಕಿ ನೋಡುತ್ತಿದ್ದ. "ನನ್ನ ತಲೆಗೆ ದೇವರೇ ಒಂದು ಕೈ ಬಳಿದು ಕಳಿಸಿದ್ದಾನೆ, ನಿನ್ನದು ಎರಡನೇ ಕೈ" ಎಂದು ಮುದುಕ ಅವನನ್ನು ರೇಗಿಸುತ್ತಿದ್ದ.

ಈ ಮುದುಕ ಒಂದು ಮಧ್ಯಾಹ್ನ ಬಾಗಿಲಲ್ಲಿ ಇಣುಕಿದ.

"ಏನಮ್ಮಾ, ಮನೆ ತೋಡ್ತಿದ್ದೀಯೋ, ಬಾವಿ ತೋಡ್ತಿದ್ದೀಯೋ?"

"ಮೆಲ್ಲಗೆ ಮಾತಾಡಿ ತಾತ."

"ನೀರು ಬಂದರೆ ನಂಗೂ ಒಂದು ಕೊಡ ಕೊಡು" ಎಂದು ನಕ್ಕು ಹೋದ. ಸ್ವಲ್ಪ ಹೊತ್ತಿನ ಮೇಲೆ ಅವನ ಮನೆಯಿಂದಲೂ ಕೆರೆಯುವ ಸದ್ದು ಕೇಳಿಸಿತು. ಮಾರನೆಯ ದಿನ ಎದುರು ಮನೆಯಿಂದ. ಆಮೇಲೆ ಇಡೀ ಬೀದಿಯಿಂದ. ಯಾರೂ ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಬೀದಿಗೆ ಬೀದಿಯೇ ಇಲಿಯ ಹಾಗೆ ಕೆರೆಯುತ್ತಿತ್ತು.

ಇಳಿಕೆಯ ದಿನ ಬಂತು. ವರಸೆ ತೆಗೆದರು, ಸೂರು ಇಳಿಸಿದರು, ಸುಣ್ಣ ಬಳಿದರು. ಬಳಿಯುವ ಆಳುಗಳು ಹೊಸ್ತಿಲಲ್ಲೇ ನಿಂತು ಉದ್ದ ಕೋಲಿನ ಕುಂಚದಿಂದ ಬಳಿಯುತ್ತಿದ್ದರು. ನೆಲ ನೋಡುವುದು ಅವರ ಕೆಲಸವಲ್ಲ. ಆ ರಾತ್ರಿ ಮಗಳು ಮನೆಯೊಳಗೆ ನೆಟ್ಟಗೆ ನಿಂತಳು. ಕತ್ತಲಲ್ಲಿ ತಾಯಿ ಅವಳ ಬೆನ್ನನ್ನು ಕೆಳಗಿನಿಂದ ಮೇಲಿನವರೆಗೆ ಸವರಿ ನೋಡಿದಳು, ಬೆಳೆ ನೋಡುವವರ ಹಾಗೆ.

ಬೆಳಗ್ಗೆ ಸಾಲು ನಿಂತಿತು. "ನೆಲ ನಿಮ್ಮದು. ಗೋಡೆ ನಿಮ್ಮದು. ಸೂರು ನಿಮ್ಮದು. ನಡುವೆ ಇರುವುದಷ್ಟೇ ನಾವು." ಅಳತೆಗಾರ ಆ ತುದಿಯಿಂದ ಈ ತುದಿಗೆ ಬಂದ. ಈ ತುದಿಯಿಂದ ಆ ತುದಿಗೆ ಹೋದ. ಒಂದು ನೆತ್ತಿಯಲ್ಲೂ ಬಿಳಿಯಿಲ್ಲ. ಮುದುಕನ ತಲೆಯನ್ನು ಮೂರು ಸಲ ತಿಕ್ಕಿದ.

"ಉದುರಿಸಿಬಿಡಬೇಡವೋ, ಇರೋದೇ ನಾಲ್ಕು ಕೂದಲು" ಎಂದ ಮುದುಕ. ಸಾಲಿನಲ್ಲಿ ಕಿಸಕ್ಕನೆ ನಗೆ ಎದ್ದಿತು. ಇಳಿಕೆಯ ಬೆಳಗಿನಲ್ಲಿ ಆ ಬೀದಿ ನಕ್ಕದ್ದು ಅದೇ ಮೊದಲು. ಹಾಗೆ ನಗಬಾರದಿತ್ತು.

ಅಳತೆಗಾರ ಕೆಟ್ಟವನೇನಲ್ಲ. ತನ್ನ ಅಳತೆಕೋಲನ್ನು ನಂಬಿ ಬದುಕುವವನು. ಅವನು ಹತ್ತಿರದ ಮನೆಯ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ. ಆ ಕ್ಷಣವೇ ಕಾಣೆಯಾದ. ಧಡ್ಡೆಂದು ಸದ್ದು ಬಂತು. ಆಮೇಲೆ ಕೆಳಗಿನಿಂದ ದನಿ ಬಂತು: "ಅಯ್ಯೋ, ನಿಮ್ಮ ಮನೆ ಹಾಳಾಗ!"

"ನಮ್ಮದಲ್ಲ ಸ್ವಾಮಿ, ಒಡೆಯರದು" ಎಂದ ಮುದುಕ.

ಈ ಸಲ ಯಾರೂ ನಗಲಿಲ್ಲ.

ಸುದ್ದಿ ಅಂತಸ್ತಿನಿಂದ ಅಂತಸ್ತಿಗೆ ಏರಿ ಹೋಯಿತು. ಬೀದಿಯವರು ಸಾಲಿನಲ್ಲೇ ನಿಂತಿದ್ದರು. ಒಡೆಯ ಸಿಟ್ಟಾಗುತ್ತಾನೆ, ಎಲ್ಲರನ್ನೂ ಬಯಲಿಗೆ ಅಟ್ಟುತ್ತಾನೆ ಎಂದುಕೊಂಡಿದ್ದರು. ಮಧ್ಯಾಹ್ನ ಮಾತು ಇಳಿದು ಬಂತು. ಒಡೆಯ ಸಿಟ್ಟಾಗಿರಲಿಲ್ಲ. ಸಂತೋಷಪಟ್ಟಿದ್ದ. ಅಳತೆಗಾರ ಕುಂಟುತ್ತ ಬಂದು, ಆ ಮಾತನ್ನು ಹೀಗೆ ಹೇಳಿದ:

"ಕೇಳಿ. ನೆಲ ಯಾರದು? ಒಡೆಯರದು. ನೆಲದಲ್ಲಿ ತೋಡಿದ ಗುಂಡಿ ಯಾರದು? ಒಡೆಯರದು. ಗುಂಡಿ ತೋಡಿದ್ದರಿಂದ ಮನೆಯ ಎತ್ತರ ಹೆಚ್ಚಿತು. ಹೆಚ್ಚಿದ ಎತ್ತರ ಯಾರದು? ಅದನ್ನು ನೀವೇ ಹೇಳಿ."

ಅವನು ನೋಯುವ ಕಾಲನ್ನು ತುಸು ಎತ್ತಿ, ಕೋಲಿಗೆ ಒರಗಿ ಮುಂದುವರಿಸಿದ.

"ಮನೆಯನ್ನು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಅಂತ ಒಡೆಯರು ಮೆಚ್ಚಿದ್ದಾರೆ. ಎಷ್ಟು ಆಳವೋ ಅಷ್ಟು ವರಸೆ ಇವತ್ತೇ ಇಳೀಬೇಕು. ಸಂಜೆ ಮತ್ತೆ ಸುಣ್ಣ. ಬೆಳಗ್ಗೆ ಮತ್ತೆ ಸಾಲು."

"ಇನ್ನೊಂದು ರಾತ್ರಿ ನಿಲ್ಲೋದಾ?" ಎಂದು ಯಾರೋ ಹೆಂಗಸು ಕೂಗಿದಳು.

"ನಾನೇನು ಮಾಡ್ಲಿ ತಾಯಿ? ನಾನು ಕೋಲು ಹಿಡಿಯೋನು" ಎಂದ ಅಳತೆಗಾರ. "ಹಾಂ, ಮರೆತಿದ್ದೆ. ಇನ್ಮೇಲೆ ಸಾಲಿನಲ್ಲಿ ಹೇಳೋ ಮಾತಿಗೆ 'ಗುಂಡಿಯೂ ನಿಮ್ಮದು' ಅಂತ ಸೇರಿಸಬೇಕಂತೆ."

ಆಳುಗಳು ವರಸೆಯ ಮೇಲೆ ವರಸೆ ಬಿಚ್ಚಿದರು. ಬೀದಿಯ ಎರಡೂ ತುದಿಗೆ ಕಾವಲು ನಿಂತಿತು, ಯಾರೂ ಒಂದು ಹಿಡಿ ಮಣ್ಣನ್ನೂ ಹೊರಗೆ ಒಯ್ಯದ ಹಾಗೆ. ಮಣ್ಣೂ ಒಡೆಯನದು ಎಂದು ಈಗ ಎಲ್ಲರಿಗೂ ನೆನಪಾಗಿತ್ತು. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಗೋಡೆಗಳೇ ಇರಲಿಲ್ಲವೇನೋ ಎನ್ನುವ ಹಾಗಾಯಿತು. ಸೂರುಗಳು ನೆಲದಿಂದ ತುಸುವೇ ಮೇಲೆ ಒಣಹಾಕಿದ ಚಾಪೆಗಳ ಹಾಗೆ ಕಂಡವು. ಒಡೆಯನ ಮನೆ ಒಂದೇ ದಿನದಲ್ಲಿ ಮೋಡ ದಾಟಿತು.

ತಾಯಿ ಮಗಳು ತೆವಳಿಕೊಂಡು ಒಳಗಿಳಿದರು. ಒಳಗೆ ತಾಯಿ ಎಂದಿನ ಹಾಗೆ ನೆಟ್ಟಗೆ ನಿಂತಳು. ಅವಳ ನೆತ್ತಿಗೂ ಸೂರಿಗೂ ಇನ್ನೂ ಒಂದು ಗೇಣು ಜಾಗವಿತ್ತು. ಮಗಳ ಗಲ್ಲಕ್ಕೆ ಸೂರು ತಾಗುತ್ತಿತ್ತು. ಹಿಂದಿನ ರಾತ್ರಿ ಅವಳು ನಿದ್ದೆ ಮಾಡಿರಲಿಲ್ಲ. ಕತ್ತು ಈಗಲೇ ತೂಗುತ್ತಿತ್ತು.

"ನಂಗೆ ಆಗಲ್ಲಮ್ಮ. ಇವತ್ತು ಹತ್ತಿಬಿಡುತ್ತೆ. ಹತ್ತಲಿ ಬಿಡು. ನಾನು ಅಪ್ಪ ಹೋದ ಕಡೆ ಹೋಗ್ತೀನಿ."

"ಬಾಯಿ ಮುಚ್ಚು."

ತಾಯಿ ಮುರುಕು ಸೌಟನ್ನು ತೆಗೆದಳು. ಮೂಲೆಯಲ್ಲಿ, ಮಗಳ ಎರಡು ಪಾದ ಇಡುವಷ್ಟು ಅಗಲದಲ್ಲಿ ತೋಡತೊಡಗಿದಳು. ಈ ಸಲ ಇಡೀ ನೆಲವಲ್ಲ, ಅದಕ್ಕೆ ಹೊತ್ತಿರಲಿಲ್ಲ. ಮಗಳೊಬ್ಬಳು ನಿಲ್ಲುವಷ್ಟು ಗುಂಡಿ. ಸೌಟು ಮುರಿಯಿತು. ಕರಟದಲ್ಲಿ ತೋಡಿದಳು, ಕರಟ ಒಡೆಯಿತು. ಬೆರಳಿನಲ್ಲಿ ತೋಡಿದಳು. ಮಗಳೂ ಕೈ ಹಾಕಲು ಬಂದರೆ, "ನೀನು ಕೂತ್ಕೋ. ಕೂರೋಕೆ ಬಿಡೋ ತನಕ ಕೂತ್ಕೋ" ಎಂದು ತಳ್ಳಿದಳು. ನಡುವೆ ಆಳುಗಳು ಬಂದು ಹೊಸ್ತಿಲಿನಿಂದಲೇ ಸುಣ್ಣ ಬಳಿದು ಹೋದರು. ತಾಯಿ ಗುಂಡಿಗೆ ಅಡ್ಡವಾಗಿ ಸೀರೆ ಹರಡಿ ನಿಂತಿದ್ದಳು. ಅವರು ಹೋದ ಮೇಲೆ ಮತ್ತೆ ಬಗ್ಗಿದಳು.

"ಅಮ್ಮಾ, ಇದನ್ನ ಯಾರಿಗೆ ತೋಡ್ತಿದ್ದೀ?" ಎಂದಳು ಮಗಳು. ಗುಂಡಿ ಅವಳ ಅಳತೆಗೇ ಇತ್ತು, ಸರಿಯಾಗಿ ಅವಳ ಅಳತೆಗೆ.

"ಇಳಿ" ಎಂದಳು ತಾಯಿ.

ಮಗಳು ಇಳಿದಳು. ನಿಂತಳು. ಮಣ್ಣು ಎಲ್ಲ ಕಡೆಯಿಂದಲೂ ಅವಳನ್ನು ಸೊಂಟದವರೆಗೆ ಹಿಡಿದುಕೊಂಡಿತು. ಕತ್ತು ನೆಟ್ಟಗಾಯಿತು, ತೂಕಡಿಸಿದರೂ ಬೀಳುವಂತಿರಲಿಲ್ಲ, ಏಳುವಂತಿರಲಿಲ್ಲ. ಸೂರು ನೆತ್ತಿಯಿಂದ ಬಹಳ ಮೇಲಿತ್ತು.

"ತಾಗುತ್ತಾ?"

"ಇಲ್ಲ."

"ತಾಗಲ್ಲ. ಮಲಗು, ನಿಂತುಕೊಂಡೇ ಮಲಗು."

ಇಲ್ಲಿ ನಾನು ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ತೋಡಿದ ಮಣ್ಣನ್ನು ಈ ಸಲ ಹೊರಗೆ ಒಯ್ಯುವಂತಿರಲಿಲ್ಲ. ಅದು ಒಳಗೇ ಗುಡ್ಡೆಯಾಗಿ, ಗುಂಡಿ ಬಿಟ್ಟು ಉಳಿದ ಜಾಗವನ್ನೆಲ್ಲ ತುಂಬಿತ್ತು. ತಾಯಿಗೆ ನಿಲ್ಲಲು ಬೇರೆ ಜಾಗವಿರಲಿಲ್ಲ. ಅವಳು ಆ ಗುಡ್ಡೆಯ ಮೇಲೆಯೇ ನಿಂತಳು. ಸೂರಿನ ಬಗ್ಗೆ ಯೋಚಿಸಿ ಅಭ್ಯಾಸವಿಲ್ಲದ ತಲೆ ಅವಳದು. ಮದುವೆಯಾದಾಗಿನಿಂದ ಅವಳು ಮಗಳ ನೆತ್ತಿಯನ್ನೋ ಗಂಡನ ನೆತ್ತಿಯನ್ನೋ ಕಾದವಳೇ ಹೊರತು ತನ್ನದನ್ನು ಕಾದವಳಲ್ಲ. ಮಗಳಾದರೂ ನೋಡಬಹುದಿತ್ತು, ತಾಯಿಯ ಬೈತಲೆಯನ್ನು ದಿನವೂ ಮೇಲಿನಿಂದ ಕಂಡವಳು ಅವಳು. ಆದರೆ ಆ ರಾತ್ರಿ ಮೊದಲ ಸಲ ಮಗಳು ಕೆಳಗಿದ್ದಳು, ತಾಯಿ ಮೇಲಿದ್ದಳು.

ಬೆಳಗಾಯಿತು. ಬೀದಿ ಬಿಲಗಳಿಂದ ಬರುವ ಹಾಗೆ ತನ್ನ ಮನೆಗಳಿಂದ ಎದ್ದು ಬಂತು. ತಾಯಿ ಮಗಳ ಕೈ ಹಿಡಿದು ಎಳೆದುಕೊಂಡು ಸಾಲಿಗೆ ಬಂದಳು. ಅವಳ ಮುಖದಲ್ಲಿ ಗೆಲುವಿತ್ತು. "ತೋರಿಸು ತಲೆ" ಎಂದು ಮಗಳನ್ನು ಬಗ್ಗಿಸಿ, ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದಳು. ಚೊಕ್ಕವಾಗಿತ್ತು.

"ನೆಲ ನಿಮ್ಮದು. ಗೋಡೆ ನಿಮ್ಮದು. ಸೂರು ನಿಮ್ಮದು. ಗುಂಡಿಯೂ ನಿಮ್ಮದು. ನಡುವೆ ಇರುವುದಷ್ಟೇ ನಾವು."

ಮಗಳು ತಲೆ ಎತ್ತಿದಾಗ ತಾಯಿಯ ನೆತ್ತಿ ಕಂಡಿತು. ಬೈತಲೆಯ ಉದ್ದಕ್ಕೂ, ತುರುಬಿನವರೆಗೆ ಬೆಳ್ಳಗೆ.

ಅವಳು ಕೈ ಎತ್ತಿದಳು, ಒರೆಸಿಬಿಡಲು. ತಾಯಿ ಆ ಕೈಗೆ ಪಟ್ಟನೆ ಹೊಡೆದಳು. "ಸುಮ್ನೆ ನಿಂತ್ಕೊಳ್ಳೇ. ಬರ್ತಿದಾನೆ. ಅಲ್ಲಾಡಬೇಡ."

"ಅಮ್ಮಾ, ನಿನ್ನ..."

"ಅಲ್ಲಾಡಬೇಡ ಅಂದೆ."

ಅಳತೆಗಾರ ಬಂದ. ಮಗಳ ಮುಂದೆ ನಿಂತ. ಅವನು ಅವಳ ತಲೆಯನ್ನು ಹಿಂದಿನಿಂದ, ಮುಂದಿನಿಂದ, ಪಕ್ಕದಿಂದ ನೋಡಿ, "ಇಲ್ಲ" ಎಂದ. ಒಂದು ಹೆಜ್ಜೆ ಮುಂದಿಟ್ಟ. ನಿಂತ.

"ನೀನಾ?" ಎಂದ. ಅವನ ದನಿಯಲ್ಲೂ ನಂಬಿಕೆಯಿರಲಿಲ್ಲ.

"ಏನು ಸ್ವಾಮಿ ನಾನಾ?" ಎಂದಳು ತಾಯಿ.

"ಸುಣ್ಣ ಇದೆ ಕಣಮ್ಮ."

ತಾಯಿ ನಕ್ಕಳು. ನಿಜವಾಗಿಯೂ ನಕ್ಕಳು. "ನಾನು ಕುಳ್ಳಿ ಸ್ವಾಮಿ. ನನ್ನ ನೆತ್ತಿ ಸೂರು ಮುಟ್ಟಬೇಕಾದರೆ ನೀವು ಎತ್ತಿಕೊಳ್ಳಬೇಕು."

ಬೀದಿಯವರೂ ತಮಾಷೆಯೆಂದುಕೊಂಡರು. ಮುದುಕ ಮಾತ್ರ ಅವಳ ತಲೆ ನೋಡಿ, ಅವಳ ಉಗುರಿನ ಮಣ್ಣು ನೋಡಿ, ಅವಸರದಿಂದ ಅಂದ: "ಅದು ನರೆ ಕಣಪ್ಪ. ಚಿಂತೆಗೆ ಒಂದೇ ರಾತ್ರೀಲಿ ನರೆತಿದಾಳೆ. ಬಿಟ್ಟುಬಿಡು."

ಅಳತೆಗಾರ ಬೆರಳಿಂದ ಬೈತಲೆಯನ್ನು ಒಮ್ಮೆ ಎಳೆದು, ಬೆರಳನ್ನು ಮುದುಕನಿಗೆ ತೋರಿಸಿದ. "ನರೆ ಬೆರಳಿಗೆ ಹತ್ತುತ್ತಾ ತಾತ?"

ಆಮೇಲೆ ಆ ಬೆರಳನ್ನು ತಾಯಿಗೂ ತೋರಿಸಿದ. ತಾಯಿ ನೋಡಿದಳು. ಗುಡ್ಡೆ, ರಾತ್ರಿ, ಗುಂಡಿ ಎಲ್ಲವೂ ಅವಳಿಗೆ ಒಂದೇ ಸಲ ತಿಳಿಯಿತು. ಅಳುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಅಳಲಿಲ್ಲ. ಮಗಳ ಕಡೆ ತಿರುಗಿ ಕೇಳಿದಳು:

"ನಿನ್ನದು ಇಲ್ಲ ಅಂದ ಅಲ್ವಾ?"

"ಅಮ್ಮಾ..."

"ಹೇಳೇ. ಇಲ್ಲ ಅಂದ ತಾನೇ?"

"ಹೂಂ."

"ಹಾಗಾದ್ರೆ ಮನೆ ಉಳೀತು" ಎಂದಳು ತಾಯಿ.

ಮಗಳು ಓಡಿದಳು. ಸಾಲಿನ ಕೊನೆಯಲ್ಲಿ ಸುಣ್ಣದ ಗಡಿಗೆಯಿತ್ತು. ಅದರೊಳಗೆ ಎರಡೂ ಕೈ ಅದ್ದಿ ತಲೆಗೆ ಸುರಿದುಕೊಂಡಳು. ಸುಣ್ಣ ಹಣೆಯಿಂದ ಕೆನ್ನೆಗೆ ಇಳಿದು ಕಣ್ಣು ಉರಿಯಿತು. ಹಾಗೇ ಬಂದು ಅಳತೆಗಾರನ ಮುಂದೆ ನಿಂತಳು. "ನನ್ನನ್ನೂ ಕಳಿಸಿ."

ಅಳತೆಗಾರ ಕತ್ತು ಅಲ್ಲಾಡಿಸಿದ. "ಇದು ಕೈ ಹಚ್ಚಿದ್ದು. ಸೂರು ಹಚ್ಚಿದ್ದೇ ಲೆಕ್ಕ. ಆಮೇಲೆ ನೀನೂ ಹೋದರೆ ಬರೋ ವರ್ಷ ಆ ಮನೆಯ ವರಸೆ ಕೊಡೋರು ಯಾರು? ಮುಖ ತೊಳ್ಕೋ ಹೋಗು, ಕಣ್ಣು ಹೋದೀತು."

ತಾಯಿ ಸೆರಗನ್ನು ನೆನೆಸಿ ಮಗಳ ಮುಖ ಒರೆಸಿದಳು. ತಲೆಯನ್ನೂ ಒರೆಸಿದಳು. ಒರೆಸುತ್ತಲೇ ಹೇಳಿದಳು: "ಗುಂಡಿಯ ಅಂಚು ಮೆತ್ತಗಿದೆ, ನೀರು ಚಿಮುಕಿಸಿ ಗಟ್ಟಿ ಮಾಡ್ಕೋ. ನಾಳೆಯಿಂದ ಮೆಟ್ಟಿಲು ನೀನೇ ಗುಡಿಸು, ತಪ್ಪಿಸಬೇಡ. ಊಟ ಪೂರ್ತಿ ಮಾಡು. ಇನ್ನು ಬೆಳೆದರೂ ಪರವಾಗಿಲ್ಲ, ಜಾಗ ಇದೆ."

ಹೊತ್ತು ಇಳಿಯುವ ಮೊದಲೇ ಅವಳು ಹೊರಟಳು. ಬೀದಿಯ ತುದಿಯವರೆಗೆ ಕತ್ತೆತ್ತಿಯೇ ನಡೆದಳು. ಅವಳಿಗೆ ಬಗ್ಗಿ ಅಭ್ಯಾಸವಿರಲಿಲ್ಲ. ಮುದುಕ ಬಾಗಿಲಲ್ಲಿ ಕೂತು ತನ್ನ ಬಿಳಿ ತಲೆಯನ್ನು ತಾನೇ ಬೆರಳಿನಿಂದ ತಿಕ್ಕಿ ನೋಡಿಕೊಂಡ.

ಮಗಳು ತೆವಳಿ ಮನೆಯೊಳಗೆ ಹೋದಳು. ಮಣ್ಣಿನ ಗುಡ್ಡೆ ಹತ್ತಿದಳು. ಕಣ್ಣು ಮುಚ್ಚಿ, ನೆತ್ತಿಯನ್ನು ಸೂರಿಗೆ ಒತ್ತಿದಳು. ಬಲವಾಗಿ ಒತ್ತಿದಳು, ತಿಕ್ಕಿದಳು, ಕತ್ತು ನೋಯುವವರೆಗೆ ತಿಕ್ಕಿದಳು. ಆಮೇಲೆ ಹೊರಗೆ ಬಂದು ಮುದುಕನ ಮುಂದೆ ತಲೆ ಬಗ್ಗಿಸಿದಳು. "ಇದೆಯಾ ತಾತ?"

ಮುದುಕ ನೋಡಿದ. "ಇಲ್ಲ ಮಗಾ. ಒಣಗಿಹೋಗಿದೆ" ಎಂದ.

ಅವಳು ಒಳಗೆ ಹೋದಳು. ಗುಂಡಿಗೆ ಇಳಿದಳು. ಅದು ಅವಳಿಗೆ ಸರಿಯಾಗಿ ಹೊಂದಿತು.

ಕಥೆ ಇಷ್ಟೇ. ಆದರೆ ಕೇಳಿದವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಅದನ್ನು ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಆ ಮನೆಗೆ ಬೀಗವಿರಲಿಲ್ಲ. ಬೀದಿಯ ಕಾವಲು ಅಂದೇ ಎದ್ದುಹೋಗಿತ್ತು. ಅಳತೆಗಾರ ಲೆಕ್ಕಕ್ಕಿಲ್ಲ ಎಂದರೆ ಏನಾಯಿತು, ಕಾಲು ಅವಳದೇ ತಾನೇ? ತಾಯಿ ಇನ್ನೂ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹೋಗುತ್ತಿದ್ದಳು, ಎದ್ದು ಹಿಂದೆ ಓಡಬಹುದಿತ್ತಲ್ಲ? ಯಾಕೆ ಓಡಲಿಲ್ಲ? ಇದನ್ನು ಹೆದರಿಕೆ ಎನ್ನಬೇಡಿ, ಅಷ್ಟು ಸುಲಭವಲ್ಲ. ನಾನು ಇದರ ಬಗ್ಗೆ ತುಂಬ ಯೋಚಿಸಿದ್ದೇನೆ, ಕಾರಣ ನಿಜಕ್ಕೂ ಬಹಳ ಸರಳವಾಗಿದೆ, ಒಂದೇ ಮಾತಿನಲ್ಲಿ ಹೇಳಬಹುದು. ಅದೇನೆಂದರೆ, ಅಂಥ ಮನೆಯಲ್ಲಿ ಬೆಳೆದ ಮನುಷ್ಯನನ್ನು ಯಾರೋ ಮೇಲಿನಿಂದ

ತಡೆಯಿರಿ, ಮಹಡಿಯಿಂದ ಓನರ್ ಕೂಗುತ್ತಿದ್ದಾರೆ. "ಯಾರ್ರೀ ಅದು, ಕೆಳಗಡೆ ಮನೆಯೋರು? ಇನ್ನೂ ಲೈಟ್ ಉರೀತಿದೆ? ಬನ್ರೀ ಇಲ್ಲಿ!" ನನ್ನನ್ನೇ. ಆರಿಸಿದೆ ಸಾರ್. ಬಂದೆ ಸಾರ್, ಬಂದೆ